ತಾಮ್ರದ ಹಂಡೆಯನ್ನು ಬರೆದ ಚಿತ್ರಗಾರ

ಮುಂಬಯಿಯ ಶಾಲೆಗಳಲ್ಲಿ ಕಲಿಯುವ ನಮ್ಮವರ ಮಕ್ಕಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಎರಡು ಡ್ರಾಯಿಂಗ್ ಪರೀಕ್ಷೆಗಳಿರುವುದು ವಾಚಕರಿಗೆ ತಿಳಿದೇ ಇದೆ. ಇವುಗಳಲ್ಲಿ ಸ್ಥಿರಚಿತ್ರವೆಂಬುದು ಒಂದು ವಿಷಯ. ಮೇಜಿನ ಮೇಲೆ ಒಂದು ಚೆಂಬು, ಒಂದು ಲೋಟ, ಎರಡು ಬದನೆಕಾಯಿ, ಹಿಂದುಗಡೆ ಮಡಿಕೆ ಬಿದ್ದ ಒಂದು ಬಟ್ಟೆ. ಇವನ್ನು ಕಂಡಂತೆಯೇ ಬರೆದು ಬಣ್ಣ ತುಂಬಬೇಕು. ಕಳೆದ ವರ್ಷ ನಮ್ಮ ಪರಿಚಯದ ಒಂದು ಮನೆಗೆ ನಾವು ಹೋಗಿದ್ದಾಗ, ಆ ಮನೆಯ ಹುಡುಗನು ಈ ಪರೀಕ್ಷೆಯ ಅಭ್ಯಾಸಕ್ಕಾಗಿ ಊರಿನಿಂದ ತಂದ ಹಿತ್ತಾಳೆಯ ಚೆಂಬೊಂದನ್ನು ಸ್ಟೂಲಿನ ಮೇಲಿಟ್ಟುಕೊಂಡು ಬೆಳಗಿನಿಂದ ಕುಳಿತಿದ್ದನು. ಎರಡು ಕೋಣೆಯ ಮನೆ. ಸ್ಟೂಲು ನಡುವೆ ಇದ್ದುದರಿಂದ ಓಡಾಡುವವರೆಲ್ಲರೂ ಸುತ್ತು ಬಳಸಿ ಹೋಗಬೇಕಾಗಿದ್ದಿತು. ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ಅವನ ತಂದೆ, "ದಿನಾ ನೋಡುವ ಚೆಂಬು. ಇದರಲ್ಲಿ ಬರೆಯುವುದಕ್ಕೆ ಏನುಂಟು?" ಎಂದು ಗದರಿಸಿದರು. ಹುಡುಗನು ತಲೆಯೆತ್ತದೆ, "ಅಪ್ಪಾ, ಚೆಂಬಿನ ಹೊಟ್ಟೆಯಲ್ಲಿ ನಮ್ಮ ಕಿಟಕಿ ಉಂಟು, ನೋಡಿ" ಎಂದನು.

ನಾವು ಬಗ್ಗಿ ನೋಡಿದೆವು. ಕಿಟಕಿ ಇದ್ದಿತು. ಸರಳುಗಳು ಬಾಗಿ, ಎದುರು ಚಾಳಿನ ಒಗೆದ ಬಟ್ಟೆಗಳು ಬಣ್ಣದ ಚುಕ್ಕಿಗಳಾಗಿ ಅದರೊಳಗೆ ಕಾಣಿಸುತ್ತಿದ್ದುವು.

ಆ ತಂದೆಯ ಪ್ರಶ್ನೆ ಮುನ್ನೂರೈವತ್ತು ವರ್ಷಗಳಷ್ಟು ಹಳೆಯದು. 1667ರಲ್ಲಿ ಪ್ಯಾರಿಸಿನ ರಾಜ ಚಿತ್ರಕಲಾ ಅಕಾಡೆಮಿಯ ಪರವಾಗಿ ಫೆಲಿಬಿಯೆನ್ ಎಂಬ ವಿದ್ವಾಂಸನು ಚಿತ್ರಗಳಿಗೆ ಜಾತಿಪದ್ಧತಿಯಂತಹ ಒಂದು ಶ್ರೇಣಿಯನ್ನೇ ಏರ್ಪಡಿಸಿದನು. ದೇವತೆಗಳನ್ನೂ ವೀರರನ್ನೂ ಪುರಾಣ ಚರಿತ್ರೆಗಳನ್ನೂ ಬರೆಯುವವನು ಎಲ್ಲರಿಗಿಂತ ಮೇಲು. ಅವನ ಕೆಳಗೆ ಮನುಷ್ಯರ ಮುಖವನ್ನು ಬರೆಯುವವನು. ಇನ್ನೂ ಕೆಳಗೆ ಪ್ರಾಣಿಗಳನ್ನು ಬರೆಯುವವನು, ಬೆಟ್ಟ ಬಯಲುಗಳನ್ನು ಬರೆಯುವವನು. ಕಟ್ಟಕಡೆಗೆ ಹಣ್ಣು, ಹೂವು, ಪಾತ್ರೆ ಪಡಗಗಳನ್ನು ಬರೆಯುವವನು. ಅಲುಗಾಡದ ವಸ್ತುವಿಗೆ ಆತ್ಮವಿಲ್ಲ, ಆದುದರಿಂದ ಅದರ ಚಿತ್ರಕ್ಕೂ ಘನತೆಯಿಲ್ಲ ಎಂಬುದು ವಾದ. ಇಂಗ್ಲಿಷರು ಡಚ್ಚರ ಮಾತನ್ನನುಸರಿಸಿ ಇಂತಹ ಚಿತ್ರವನ್ನು ನಿಶ್ಚಲವಾದ ಜೀವ ಎಂದು ಕರೆದರು. ಫ್ರೆಂಚರಿಟ್ಟ ಹೆಸರು ಇನ್ನೂ ಕಠಿನವಾದುದು: ಸತ್ತ ಪ್ರಕೃತಿ. ಮರಾಠಿಯ ಸ್ಥಿರಚಿತ್ರವೆಂಬ ಮಾತೇ ನಮಗೆ ಹೆಚ್ಚು ಸಭ್ಯವಾಗಿ ತೋರುತ್ತದೆ.

ಸತ್ತ ಪ್ರಕೃತಿಯೆಂದು ಕರೆಯಲ್ಪಟ್ಟ ಈ ಕೀಳು ದರ್ಜೆಯಲ್ಲಿಯೇ ಜೀವಮಾನವನ್ನು ಕಳೆದು, ಇಂದು ಮೇಲು ದರ್ಜೆಯವರೆಲ್ಲರಿಗಿಂತಲೂ ಹೆಚ್ಚು ಪ್ರೀತಿಗೆ ಪಾತ್ರನಾಗಿರುವ ಒಬ್ಬ ಚಿತ್ರಗಾರನ ವಿಷಯವನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ. ಅವನು ಜಾಂ ಸಿಮೆಯೋಂ ಶಾರ್ದೆನ್. 1699ರ ನವೆಂಬರದಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದನು, 1779ರ ಡಿಸೆಂಬರದಲ್ಲಿ ಪ್ಯಾರಿಸಿನಲ್ಲಿಯೇ ತೀರಿಕೊಂಡನು. ತಂದೆ ಬಡಗಿ. ಬಿಲಿಯರ್ಡ್ ಆಟದ ಮೇಜುಗಳನ್ನು ಮಾಡುವುದರಲ್ಲಿ ಆತನದು ಪಳಗಿದ ಕೈ. ಮಗನಿಗೆ ದೊಡ್ಡ ವಿದ್ಯಾಭ್ಯಾಸವಾಗಲಿಲ್ಲ. ಗ್ರೀಕ್ ಲ್ಯಾಟಿನ್ ಪುರಾಣಗಳು ಬಾಯಿಗೆ ಬಾರದಿದ್ದವನು ದೇವತೆಗಳನ್ನು ಬರೆಯುವುದು ಹೇಗೆ? ಅವನಿಗೆ ತಿಳಿದಿದ್ದುದು ಅಡಿಗೆಮನೆ.

ಅವನ ಸ್ನೇಹಿತನಾದ ಕೊಷೆನ್ ಎಂಬವನು ಬರೆದಿಟ್ಟಿರುವ ಒಂದು ಸಂಗತಿಯುಂಟು. ಯೌವನದಲ್ಲಿ ಶಾರ್ದೆನ್ನನ ಕೈಗೆ ಯಾರೋ ಬೇಟೆಯಾಡಿದ ಒಂದು ಮೊಲವನ್ನು ಕೊಟ್ಟರಂತೆ. ಅದನ್ನು ಬರೆಯಬೇಕೆಂದು ಕುಳಿತವನು, ತಾನು ಅದುವರೆಗೆ ಕಂಡ ಚಿತ್ರಗಳನ್ನೆಲ್ಲ, ಬೇರೆಯವರು ಮೊಲವನ್ನು ಬರೆದ ರೀತಿಯನ್ನೆಲ್ಲ ಮರೆಯಬೇಕೆಂದು ನಿಶ್ಚಯಿಸಿದನು. ಕೂದಲು ಕೂದಲನ್ನೂ ಎಣಿಸಿ ಬರೆಯದೆ, ದೂರದಲ್ಲಿಟ್ಟು, ಅದರ ಒಟ್ಟು ಮೈಯನ್ನೂ ಬಣ್ಣವನ್ನೂ ನೆರಳನ್ನೂ ಕಂಡಂತೆ ಬರೆದನು. ಅಲ್ಲಿಂದ ಅವನ ದಾರಿ ಗೊತ್ತಾಯಿತು.

1728ರಲ್ಲಿ ಪ್ಯಾರಿಸಿನ ಒಂದು ಚೌಕದಲ್ಲಿ, ಹಬ್ಬದ ದಿನ ತರುಣರು ತಮ್ಮ ಚಿತ್ರಗಳನ್ನು ಬಯಲಿನಲ್ಲಿಯೇ ತೂಗುಹಾಕುವ ಪದ್ಧತಿಯಂತೆ, ಶಾರ್ದೆನ್ ಒಂದು ಮೀನಿನ ಚಿತ್ರವನ್ನು ತೂಗುಹಾಕಿದನು. ಮಂಗಳೂರು ಕಡೆಯವರು ತೊರಕೆ ಎನ್ನುವ ಜಾತಿಯ ಮೀನು. ಹೊಟ್ಟೆಯನ್ನು ಸೀಳಿ ಕೊಕ್ಕೆಗೆ ನೇತುಹಾಕಿದೆ. ಒಳಗಿನ ಕರುಳು ಕೆಂಪಾಗಿ ಹೊಳೆಯುತ್ತಿದೆ. ಕೆಳಗೆ ಚಿಪ್ಪು ಬಿಚ್ಚಿದ ಸಿಂಪಿಗಳ ಮೇಲೆ ಒಂದು ಬೆಕ್ಕಿನ ಮರಿ ಬೆನ್ನು ಸೆಟೆದು ನಿಂತಿದೆ. ಪಕ್ಕದಲ್ಲಿ ಜಗ್ಗು, ಬಾಣಲೆ, ಚೂರಿ. ಸಸ್ಯಾಹಾರಿಗಳಾದ ನಮ್ಮ ಕೆಲವು ವಾಚಕರಿಗೆ ಇದು ರುಚಿಸಲಾರದು. ಆದರೆ ಇದನ್ನು ಕಂಡ ಅಕಾಡೆಮಿಯ ಹಿರಿಯರು ಬೆರಗಾದರು. ಅದೇ ವರ್ಷದ ಸೆಪ್ಟೆಂಬರದಲ್ಲಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡರು. ಸ್ಥಾನ ಮಾತ್ರ ಶ್ರೇಣಿಗೆ ತಕ್ಕಂತೆಯೇ: ಪ್ರಾಣಿಗಳನ್ನೂ ಹಣ್ಣುಗಳನ್ನೂ ಬರೆಯುವವನು. ಅಂದರೆ ಕೆಳಗಿನ ಪಂಕ್ತಿ.

ಅವನು ಆ ಪಂಕ್ತಿಯಲ್ಲಿ ಕುಳಿತು ಬರೆದುದೇನು? ಹೆಚ್ಚಾಗಿ, ತನ್ನ ಮನೆಯಲ್ಲಿದ್ದ ಕೆಲವೇ ಪಾತ್ರೆಗಳು. ಒಂದು ಚಿತ್ರದಲ್ಲಿದ್ದ ಜಗ್ಗು ಇನ್ನೊಂದರಲ್ಲಿಯೂ ಬರುತ್ತದೆ. ಒಂದು ಕಡೆ ಕಂಡ ಕುಟ್ಟಣಿ, ಕಲಾಯಿ ಹಾಕಿದ ತಾಮ್ರದ ಕಡಾಯಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಲಾಯಿಯೆಂಬ ಮಾತನ್ನು ನಾವು ಅಲಂಕಾರಕ್ಕಾಗಿ ಹೇಳಲಿಲ್ಲ. ಆ ಕಾಲದ ಪ್ಯಾರಿಸಿನಲ್ಲಿಯೂ ತಾಮ್ರದ ಪಾತ್ರೆಗಳ ಒಳಮೈಗೆ ತವರದ ಲೇಪ ಕೊಡುತ್ತಿದ್ದರು. ಸ್ಟೀಲಿನ ಪಾತ್ರೆ ಬರುವುದಕ್ಕೆ ಮುಂಚೆ, ಕಲಾಯಿಯವನು ತಿದಿಯೊತ್ತುತ್ತ ಬೀದಿಯಲ್ಲಿ ಕುಳಿತುದನ್ನು ಕಂಡಿರುವ ಹಿರಿಯರು, ಶಾರ್ದೆನ್ನನ ಕಡಾಯಿಯ ಒಳಗಿನ ಮಸುಕು ಬೆಳ್ಳಿಬಣ್ಣವನ್ನೂ ಹೊರಗಿನ ಕೆಂಪನ್ನೂ ನೋಡಿದರೆ ಮರುಮಾತಿಲ್ಲದೆ ಗುರುತಿಸಿಯಾರು.

ಲೂವ್ರ್ ಸಂಗ್ರಹಾಲಯದಲ್ಲಿ ಅವನ ಒಂದು ಪುಟ್ಟ ಚಿತ್ರವಿದೆ. ಸುಮಾರು 1734ರದು. ಹಲಗೆಯ ಮೇಲೆ ಬರೆದುದು. ಅಗಲ ಒಂದು ಗೇಣು, ಎತ್ತರ ಒಂದೂಕಾಲು ಗೇಣು. ಅದರಲ್ಲಿ ಇರುವುದು ಮುಕ್ಕಾಲಿ ಪೀಠದ ಮೇಲೆ ಕೂರಿಸಿದ ಒಂದು ತಾಮ್ರದ ಹಂಡೆ, ಅದಕ್ಕೊಂದು ನಲ್ಲಿ, ನೆಲದ ಮೇಲೆ ಒಂದು ಬಕೆಟು, ಒಂದು ಜಗ್ಗು. ಆ ಕಾಲದಲ್ಲಿ ಪ್ಯಾರಿಸಿನ ಮನೆಗಳಿಗೆ ನಲ್ಲಿನೀರು ಇದ್ದಿಲ್ಲ. ನೀರು ಹೊರುವವರು ತಂದು ಹಾಕಿದ ನೀರನ್ನು ಇಂತಹ ಹಂಡೆಯಲ್ಲಿ ತುಂಬಿಟ್ಟು ಬಳಸುತ್ತಿದ್ದರು. ಇಷ್ಟೇ ವಿಷಯ. ಆದರೆ ಆ ಹಂಡೆ ನಿಂತಿರುವ ಠೀವಿಯನ್ನು ನೋಡಬೇಕು! ಹಂಡೆಯ ಹಿಂದಿನ ಗೋಡೆಯಲ್ಲಿ ಏನೂ ಇಲ್ಲ, ಬರಿಯ ಗಾಳಿಯಿದೆ ಎಂದರೂ ಸರಿಯೇ. ನಸುಕಿನಲ್ಲಿ ಎದ್ದು, ಇನ್ನಾರೂ ಏಳುವುದಕ್ಕೆ ಮೊದಲು, ನೀರೊಲೆಯ ಮುಂದೆ ಒಬ್ಬನೇ ನಿಂತವನಿಗೆ ಹಂಡೆಯು ಹೇಗೆ ಕಾಣಿಸುತ್ತದೆಯೋ ಹಾಗೆ ಅದು ಕಾಣಿಸುತ್ತದೆ.

ಚಿತ್ರಕ್ಕೆ ತೀರ ಹತ್ತಿರ ಹೋದರೆ ಬಣ್ಣದ ಗಂಟುಗಳೂ ಒರಟು ತೇಪೆಗಳೂ ಹೊರತು ಮತ್ತೇನೂ ಕಾಣಿಸುವುದಿಲ್ಲವೆಂದು ನೋಡಿದವರು ಹೇಳುತ್ತಾರೆ. ಎರಡು ಹೆಜ್ಜೆ ಹಿಂದಕ್ಕೆ ಬಂದರೆ ಎಲ್ಲವೂ ತಮ್ಮ ತಮ್ಮ ಸ್ಥಾನಕ್ಕೆ ಬಂದು ಕೂಡುತ್ತವೆ. ಅವನ ಕಾಲದ ದೊಡ್ಡ ಲೇಖಕನಾದ ದಿದೆರೋ ಇದನ್ನು ಕಂಡು ಇದೊಂದು ಮಾಯೆಯೆಂದೇ ಹೊಗಳಿದನು. ಶಾರ್ದೆನ್ ಬಹಳ ನಿಧಾನಿ. ಎಂಬತ್ತು ವರ್ಷ ಬದುಕಿ ಬರೆದ ಚಿತ್ರಗಳು ಇನ್ನೂರರ ಆಸುಪಾಸು ಮಾತ್ರ.

ಇಲ್ಲಿ ನಮ್ಮ ವಾಚಕರಲ್ಲಿ ಕೆಲವರು ಒಂದು ಆಕ್ಷೇಪವನ್ನೆತ್ತಿಯಾರು. ಅದು ನ್ಯಾಯವಾದ ಆಕ್ಷೇಪವೇ. ಬೆಳಗಿನ ಐದು ಗಂಟೆಗೆ ಎದ್ದು ಹಂಡೆಯ ಕೆಳಗೆ ಬೆಂಕಿ ಹಾಕಿದವನಿಗೆ, ರಾತ್ರಿ ಹನ್ನೊಂದಕ್ಕೆ ಕೊನೆಯ ಕಪ್ಪು ಬಸಿಯನ್ನು ತೊಳೆದು ಬೋರಲು ಹಾಕಿದವನಿಗೆ, ಪಾತ್ರೆಯ ಸೌಂದರ್ಯವನ್ನು ಹೇಳುವುದು ಹಸಿದವನ ಮುಂದೆ ಪಾಕಶಾಸ್ತ್ರವನ್ನು ಓದಿದಂತಾಗದೆ? ಬರೆಯುವವನಿಗೆ ಪಾತ್ರೆಯ ಹೊಳಪು ಕಾಣಿಸುತ್ತದೆ. ಉಜ್ಜುವವನಿಗೆ ಕಾಣಿಸುವುದು ಅದರ ತಳಕ್ಕೆ ಹತ್ತಿದ ಸೀಕಲು. ಅದೂ ಅಲ್ಲದೆ ಶಾರ್ದೆನ್ನನ ಚಿತ್ರಗಳನ್ನು ಕೊಂಡವರು ಯಾರು? ಪಾತ್ರೆ ತೊಳೆಯುವವರಲ್ಲ. ಸ್ವೀಡನ್ನಿನ ರಾಣಿ, ರಷ್ಯದ ಕ್ಯಾಥರಿನ್ ಚಕ್ರವರ್ತಿನಿ, ಫ್ರಾನ್ಸಿನ ದೊರೆ. ತಮ್ಮ ಅಡಿಗೆಮನೆಗೆ ಒಮ್ಮೆಯಾದರೂ ಇಳಿದು ಹೋಗದವರು ಅಡಿಗೆಮನೆಯ ಚಿತ್ರವನ್ನು ದಿವಾನಖಾನೆಯಲ್ಲಿ ತೂಗುಹಾಕಿದರು. ಈ ವಿಡಂಬನೆಯನ್ನು ನಾವು ಮುಚ್ಚಿಡಲಾರೆವು.

ಆದರೆ ಶಾರ್ದೆನ್ ಪಾತ್ರೆಗಳನ್ನು ಮಾತ್ರ ಬರೆದು ಸುಮ್ಮನಾಗಲಿಲ್ಲ. 1733ರಿಂದೀಚೆಗೆ ಅವನು ಆ ಪಾತ್ರೆಗಳೊಂದಿಗೆ ದುಡಿಯುವವರನ್ನೂ ಬರೆಯತೊಡಗಿದನು. ಹಂಡೆಯಿಂದ ನೀರು ಹಿಡಿಯುವ ಹೆಂಗಸು. ಸಂತೆಯಿಂದ ರೊಟ್ಟಿಗಳನ್ನು ತಂದು ಕಪಾಟಿಗೆ ಒರಗಿ ಒಂದು ಕ್ಷಣ ಉಸಿರು ಬಿಡುವ ಆಳು. ಇನ್ನೊಬ್ಬಳು ಟರ್ನಿಪ್ ಗಡ್ಡೆಗಳ ಸಿಪ್ಪೆ ಹೆರೆಯುತ್ತ ಹೆರೆಯುತ್ತ, ಒಂದು ಕೈಯಲ್ಲಿ ಚೂರಿ, ಇನ್ನೊಂದು ಕೈಯಲ್ಲಿ ಗಡ್ಡೆ ಹಾಗೆಯೇ ಇರುವಂತೆ, ಎಲ್ಲಿಯೋ ನೋಡುತ್ತ ಕುಳಿತುಬಿಟ್ಟಿದ್ದಾಳೆ. ಈ ಚಿತ್ರ 1738ರದು, ಈಗ ವಾಷಿಂಗ್ಟನಿನಲ್ಲಿದೆ. ಅವಳು ಏನನ್ನು ಯೋಚಿಸುತ್ತಿದ್ದಾಳೆಂದು ಚಿತ್ರಗಾರನು ಹೇಳುವುದಿಲ್ಲ. ಊರನ್ನು ಬಿಟ್ಟು ಬಂದವರು ಯಾರೂ ಅದನ್ನು ಕೇಳಬೇಕಾಗಿಯೂ ಇಲ್ಲ.

ಅದೇ ಕಾಲದ ಇನ್ನೆರಡು ಚಿತ್ರಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹಂಟೇರಿಯನ್ ಕಲಾಶಾಲೆಯಲ್ಲಿವೆ. ಜೋಡಿ ಚಿತ್ರಗಳು. ಒಂದರಲ್ಲಿ ಪಾತ್ರೆ ತಿಕ್ಕುವ ಹೆಂಗಸು ತೊಟ್ಟಿಯ ಮೇಲೆ ಬಗ್ಗಿದ್ದಾಳೆ. ಇನ್ನೊಂದರಲ್ಲಿ ಪಾನಗೃಹವೊಂದರ ಹುಡುಗ, ನಮ್ಮ ಮಾತಿನಲ್ಲಿ ಹೇಳುವುದಾದರೆ ಹೋಟೆಲು ಮಾಣಿ. ಸೊಂಟಕ್ಕೆ ಬಿಳಿಯ ಬಟ್ಟೆ ಕಟ್ಟಿಕೊಂಡು, ಮುಂದಕ್ಕೆ ಬಾಗಿ, ಒಂದು ಜಗ್ಗನ್ನು ತೊಳೆಯುತ್ತಿದ್ದಾನೆ. ಅವನ ಬಳಿಯಲ್ಲಿ ಪೀಪಾಯಿ. ನಗುತ್ತಿಲ್ಲ, ಅಳುತ್ತಿಲ್ಲ, ನಮ್ಮ ಕಡೆಗೆ ನೋಡಿ ಕನಿಕರವನ್ನು ಬೇಡುತ್ತಲೂ ಇಲ್ಲ. ಆ ಕಾಲದ ಬೇರೆ ಚಿತ್ರಗಾರರಾಗಿದ್ದರೆ ಇಂತಹ ಹುಡುಗನನ್ನು ಕುಡುಕರ ನಡುವೆ ನಿಲ್ಲಿಸಿ ನಗೆಪಾಟಲು ಮಾಡುತ್ತಿದ್ದರು, ಇಲ್ಲವೆ ಸೇವಕಿಯ ಕೆನ್ನೆ ಹಿಂಡುವವನನ್ನಾಗಿ ತೋರಿಸುತ್ತಿದ್ದರು. ಶಾರ್ದೆನ್ ಅದಾವುದನ್ನೂ ಮಾಡಲಿಲ್ಲ. ಹಂಡೆಗೆ ಕೊಟ್ಟ ಮರ್ಯಾದೆಯನ್ನೇ ಹುಡುಗನಿಗೂ ಕೊಟ್ಟನು. ಪಾತ್ರೆಗಳನ್ನು ಅಷ್ಟು ವರ್ಷ ನೋಡಿದುದರಿಂದಲೇ ಅವನಿಗೆ ಆ ಹುಡುಗನು ಕಣ್ಣಿಗೆ ಬಿದ್ದನೆಂದು ನಮ್ಮ ನಂಬಿಕೆ.

ಶಾರ್ದೆನ್ನನ ಸ್ವಂತ ಬದುಕು ಆ ಚಿತ್ರಗಳಷ್ಟು ಶಾಂತವಾಗಿರಲಿಲ್ಲ. 1731ರಲ್ಲಿ ಕೈಹಿಡಿದ ಹೆಂಡತಿ 1735ರಲ್ಲಿ ತೀರಿಕೊಂಡಳು. ಪುಟ್ಟ ಮಗಳೂ ಎಳವೆಯಲ್ಲಿಯೇ ಹೋದಳು. ಉಳಿದವನು ಒಬ್ಬ ಮಗ. ತಾನು ಏರಲಾಗದ ಮೇಲಿನ ಪಂಕ್ತಿಗೆ ಮಗನಾದರೂ ಏರಲೆಂದು ತಂದೆಯ ಹಂಬಲ. ಆದುದರಿಂದ ಅವನನ್ನು ಪುರಾಣ ಚಿತ್ರಗಳ ಅಭ್ಯಾಸಕ್ಕೇ ಹಚ್ಚಿದನು. ಹುಡುಗನು 1754ರಲ್ಲಿ ರೋಮಿಗೆ ಹೋಗುವ ಬಹುಮಾನವನ್ನು ಗೆದ್ದನು. ಆದರೆ ಅವನಿಂದ ಹೇಳಿಕೊಳ್ಳುವಂತಹ ಚಿತ್ರವೊಂದೂ ಹುಟ್ಟಲಿಲ್ಲ. ತಾಯಿಯ ಆಸ್ತಿಯ ವಿಷಯದಲ್ಲಿ ತಂದೆ ಮಕ್ಕಳಿಗೆ ಮನಸ್ತಾಪವೂ ಆಯಿತು. ಕಡೆಗೆ ಅವನು ವೆನಿಸ್ ನಗರದಲ್ಲಿ, ತಂದೆ ಬದುಕಿರುವಾಗಲೇ, ಅಕಾಲದಲ್ಲಿ ಸತ್ತನು. ಕಾಲುವೆಯಲ್ಲಿ ಮುಳುಗಿದನೆಂದು ಹೇಳುತ್ತಾರೆ. ಮಗನನ್ನು ದೊಡ್ಡ ಹುದ್ದೆಯಲ್ಲಿ ನೋಡಬೇಕೆಂದು ತನ್ನ ಶಕ್ತಿ ಮೀರಿ ಓದಿಸಿ ನಿರಾಶರಾದ ತಂದೆಯರು ನಮ್ಮಲ್ಲಿ ಇಲ್ಲವೆ?

ಗುಮಾಸ್ತರಾದ ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1755ರಿಂದ 1774ರವರೆಗೆ ಶಾರ್ದೆನ್ ಅಕಾಡೆಮಿಯ ಖಜಾಂಚಿಯಾಗಿದ್ದನು. ಹಿಂದಿನವರು ಕೆಡಿಸಿಟ್ಟಿದ್ದ ಲೆಕ್ಕಪತ್ರಗಳನ್ನು ಸರಿಪಡಿಸುವ ಕೆಲಸ ಅವನ ತಲೆಗೆ ಬಿದ್ದಿತು. 1744ರಲ್ಲಿ ಮದುವೆಯಾಗಿದ್ದ ಎರಡನೆಯ ಹೆಂಡತಿ ಆ ಲೆಕ್ಕದಲ್ಲಿ ಅವನಿಗೆ ನೆರವಾದಳು. ಪ್ರದರ್ಶನಗಳ ಕಾಲದಲ್ಲಿ ಯಾರ ಚಿತ್ರವನ್ನು ಯಾವ ಗೋಡೆಗೆ ತೂಗುಹಾಕಬೇಕೆಂಬ ತಲೆನೋವೂ ಅವನದೇ. ಹಗಲೆಲ್ಲ ಜಮಾ ಖರ್ಚು, ಸಹೋದ್ಯೋಗಿಗಳ ದೂರು. ಮಿಕ್ಕ ಹೊತ್ತಿನಲ್ಲಿ, 1750ರ ನಂತರ, ಅವನು ಮನುಷ್ಯರ ಚಿತ್ರಗಳನ್ನು ಹೆಚ್ಚುಕಡಿಮೆ ಬಿಟ್ಟು ಮತ್ತೆ ತನ್ನ ಹಳೆಯ ಪಾತ್ರೆಗಳ ಬಳಿಗೇ ಮರಳಿದನು.

ಆ ಕೊನೆಗಾಲದ ಚಿತ್ರಗಳಲ್ಲಿ ಒಂದರಲ್ಲಿ ನಮಗೆ ವಿಶೇಷ ಪ್ರೀತಿ. ಸುಮಾರು 1761ರದು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಒಂದು ಲೋಟ ನೀರು, ಹೊಗೆ ಹಿಡಿದ ಬಣ್ಣದ ಒಂದು ಕಾಫಿಯ ಪಾತ್ರೆ, ಮೂರು ಬೆಳ್ಳುಳ್ಳಿ ಗಡ್ಡೆ, ಒಂದೆರಡು ಹಸುರು ಕಡ್ಡಿ. ಇನ್ನೇನೂ ಇಲ್ಲ. ಗಾಜಿನ ಲೋಟ ಬೆಳಕಿನಿಂದಲೇ ಆದಂತಿದೆ, ಕಾಫಿಯ ಪಾತ್ರೆ ಕತ್ತಲೆಯಿಂದಲೇ ಆದಂತಿದೆ. ಎರಡೂ ಒಂದರ ಪಕ್ಕದಲ್ಲೊಂದು ಬಹುಕಾಲದ ನೆರೆಹೊರೆಯವರಂತೆ ನಿಂತಿವೆ. ಮಾಟುಂಗದ ಯಾವುದೇ ಹೋಟೆಲಿನಲ್ಲಿ ಮೂರು ಗಂಟೆಯ ಬಿಡುವಿನ ವೇಳೆಯಲ್ಲಿ ಇಂತಹ ಮೇಜು ಕಾಣಸಿಗುತ್ತದೆ. ಬೆಳ್ಳುಳ್ಳಿಯೊಂದನ್ನು ಮಾತ್ರ ಮಡಿವಂತರು ತೆಗೆಯಿಸಿಯಾರು.

ಪ್ರೂಸ್ತ್ ಎಂಬ ಫ್ರೆಂಚ್ ಸಾಹಿತಿ 1895ರ ಸುಮಾರಿಗೆ, ಇನ್ನೂ ಹೆಸರು ಮಾಡದಿದ್ದ ಕಾಲದಲ್ಲಿ, ಶಾರ್ದೆನ್ನನನ್ನು ಕುರಿತು ಒಂದು ಲೇಖನವನ್ನು ಬರೆದಿಟ್ಟನು. ಅವನ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. ಅದರಲ್ಲಿ ಒಬ್ಬ ಬಡ ಯುವಕನು ಬರುತ್ತಾನೆ. ಊಟ ಮುಗಿದ ಮೇಲೆ, ಅರ್ಧ ಸರಿದ ಮೇಜುಬಟ್ಟೆ, ಎಂಜಲು ಚೂರಿ, ತಾಯಿಯ ಹೊಲಿಗೆ, ಇವನ್ನು ನೋಡಿ ಅವನಿಗೆ ಜೀವನವೇ ಬೇಸರವಾಗಿದೆ. ಅರಮನೆಗಳನ್ನೂ ವೈಭವವನ್ನೂ ನೋಡಿ ಕಣ್ಣು ತಣಿಸಿಕೊಳ್ಳಬೇಕೆಂದು ಅವನು ಲೂವ್ರಿಗೆ ಓಡುತ್ತಾನೆ. ನಾನು ಅವನ ಜೊತೆಗಿದ್ದರೆ ಅವನನ್ನು ತಡೆಯದೆ, ಶಾರ್ದೆನ್ನನ ಚಿತ್ರಗಳ ಮುಂದೆ ಒಯ್ದು ನಿಲ್ಲಿಸುತ್ತಿದ್ದೆನೆಂಬುದು ಪ್ರೂಸ್ತನ ಮಾತಿನ ತಾತ್ಪರ್ಯ. ಅಲ್ಲಿ ಅವನು ಕಾಣುವುದು ತಾನು ಬಿಟ್ಟು ಓಡಿಬಂದ ಅದೇ ಮೇಜನ್ನು.

ಶಾರ್ದೆನ್ನನ ಹಾಗೆಯೇ ಪಾತ್ರೆಗಳಿಗೆ ಜೀವಮಾನವನ್ನು ಕೊಟ್ಟ ಇನ್ನೊಬ್ಬನು ನಮ್ಮ ಕಾಲಕ್ಕೆ ಹತ್ತಿರದವನು, ಇಟಲಿಯ ಬೊಲೋನ್ಯಾ ನಗರದ ಜಾರ್ಜೋ ಮೊರಾಂಡಿ. 1890ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡನು. ಮದುವೆಯಾಗದೆ ಮೂವರು ತಂಗಿಯರೊಂದಿಗೆ ಇದ್ದನು. ಮಲಗುವ ಕೋಣೆಯೇ ಚಿತ್ರ ಬರೆಯುವ ಕೋಣೆ. ಅರ್ಧ ಶತಮಾನದವರೆಗೆ ಅದೇ ಸೀಸೆಗಳು, ಅದೇ ಡಬ್ಬಿಗಳು, ಅವುಗಳ ಮೇಲೆ ಕುಳಿತ ಧೂಳು ಸಹ ಅದೇ. ಇಂದು ಸೀಸೆಯನ್ನು ಬೆರಳಗಲ ಎಡಕ್ಕೆ ಸರಿಸಿದರೆ ಅವನಿಗೆ ಹೊಸ ಚಿತ್ರ. ಹತ್ತಡಿ ಕೋಣೆಯಲ್ಲಿ ನಾಲ್ವರು ವಾಸಿಸುವವರಿಗೆ ಈ ಬೆರಳಗಲದ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

ಶಾರ್ದೆನ್ ಸತ್ತ ಬಳಿಕ ಬಹುಕಾಲ ಅವನನ್ನು ಜನ ಮರೆತರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೆಲವು ರಸಿಕರು ಅವನನ್ನು ಮತ್ತೆ ಗುರುತಿಸಿದರು. ಲಾ ಕಾಜ್ ಎಂಬ ವೈದ್ಯನು ತಾನು ಕೂಡಿಟ್ಟಿದ್ದ ಅವನ ಹಲವು ಚಿತ್ರಗಳನ್ನು 1869ರಲ್ಲಿ ಲೂವ್ರಿಗೆ ಬಿಟ್ಟುಹೋದನು. ಇತ್ತೀಚಿನ ಸುದ್ದಿ ಇನ್ನೂ ಚೋದ್ಯ. ಒಂದು ಬುಟ್ಟಿ ಕಾಡು ಸ್ಟ್ರಾಬೆರಿ, ಒಂದು ಲೋಟ ನೀರು, ಒಂದು ಪೀಚ್ ಹಣ್ಣು, ಎರಡು ಚೆರ್ರಿ, ಎರಡು ಬಿಳಿಯ ಹೂ ಇರುವ, 1761ರಲ್ಲಿ ಮೊದಲು ಪ್ರದರ್ಶಿತವಾದ ಅವನ ಒಂದು ಚಿತ್ರವು 2022ರ ಮಾರ್ಚಿಯಲ್ಲಿ ಪ್ಯಾರಿಸಿನ ಹರಾಜಿನಲ್ಲಿ 2 ಕೋಟಿ 44 ಲಕ್ಷ ಯೂರೋಗಳಿಗೆ ಹೋಯಿತು. ಅದು ದೇಶವನ್ನು ಬಿಟ್ಟು ಹೋಗಬಾರದೆಂದು ಫ್ರೆಂಚ್ ಸರಕಾರ ತಡೆದಿತು. ಲೂವ್ರ್ ಸಂಗ್ರಹಾಲಯವು ಸಾರ್ವಜನಿಕರಲ್ಲಿಯೂ ಚಂದಾ ಎತ್ತಿ 2024ರಲ್ಲಿ ಅದನ್ನು ತನ್ನದಾಗಿಸಿಕೊಂಡಿತು. ಸಾವಿರಾರು ಮಂದಿ ಸಾಮಾನ್ಯರು ತಮ್ಮ ಕೈಲಾದಷ್ಟು ಕೊಟ್ಟರು. ದೇವತೆಗಳನ್ನೂ ವೀರರನ್ನೂ ಬರೆದ ಮೇಲು ಪಂಕ್ತಿಯವರಲ್ಲಿ ಎಷ್ಟೋ ಜನರ ಹೆಸರು ಇಂದು ಯಾರಿಗೂ ನೆನಪಿಲ್ಲ.

ಕೊನೆಯ ವರ್ಷಗಳಲ್ಲಿ ಅವನಿಗೆ ಕಣ್ಣಿನ ತೊಂದರೆಯಾಯಿತು. ಎಣ್ಣೆಬಣ್ಣ ಆಗಿಬರಲಿಲ್ಲ. ಬಿಡದೆ ಬಣ್ಣದ ಕಡ್ಡಿಗಳನ್ನು ಹಿಡಿದು ಕಾಗದದ ಮೇಲೆ ಬರೆದನು. ತಲೆಗೆ ಬಟ್ಟೆ ಸುತ್ತಿಕೊಂಡು, ಮೂಗಿನ ಮೇಲೆ ದುಂಡು ಕನ್ನಡಕವಿಟ್ಟುಕೊಂಡ ತನ್ನ ಮುಖವನ್ನೇ 1771ರಲ್ಲಿ ಬರೆದನು. ಹಳೆಯ ಹಂಡೆಯನ್ನು ನೋಡುವಂತೆಯೇ ತನ್ನನ್ನೂ ನೋಡಿಕೊಂಡಿದ್ದಾನೆ. ತೀರಿಕೊಂಡ ವರ್ಷದ ಪ್ರದರ್ಶನದಲ್ಲಿ ಅವನಿಟ್ಟ ಚಿತ್ರಗಳಲ್ಲಿ ಒಂದು, ಒಬ್ಬ ಚಾಕರಿ ಹುಡುಗನದು. ಅದನ್ನು ಮೆಚ್ಚಿದ ರಾಜಕುಮಾರಿಯೊಬ್ಬಳು ಮುದುಕನಿಗೆ ಚಿನ್ನದ ನಶ್ಯದ ಡಬ್ಬಿಯನ್ನು ಕಳುಹಿಸಿಕೊಟ್ಟಳು.

ಈ ಚಿತ್ರಗಳನ್ನು ನೋಡಲು ಪ್ಯಾರಿಸಿಗಾಗಲಿ ಗ್ಲಾಸ್ಗೋವಿಗಾಗಲಿ ಹೋಗಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿಯೇ ಕಾಣಿಸುತ್ತವೆ. ಮೊದಲಿಗೆ ಹೇಳಿದ ಮನೆಗೆ ನಾವು ಮತ್ತೊಮ್ಮೆ ಹೋದಾಗ ಹುಡುಗನಿಗೆ ಅವನ್ನು ತೋರಿಸಿದೆವು. ಅವನು ಹಂಡೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಅದರಲ್ಲಿಯೂ ಕಿಟಕಿ ಇದೆಯೇ ಎಂದು ಹುಡುಕಿದನು. ಆ ಮನೆಯಲ್ಲಿ ಹುಡುಗನ ಅಜ್ಜನೂ ಇದ್ದಾರೆ. ಹನ್ನೆರಡನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಬಂದು, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಗಲ್ಲಾದವರೆಗೆ ಏರಿ, ಈಗ ವಿಶ್ರಾಂತರಾಗಿರುವವರು. ಪಾನಗೃಹದ ಹುಡುಗನ ಚಿತ್ರವನ್ನು ಅವರ ಮುಂದೆ ಹಿಡಿದೆವು. ಕನ್ನಡಕ ತರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇವನಿಗೆ ಸೊಂಟನೋವು ಉಂಟು ಮಾರಾಯ್ರೇ" ಎಂದರು. ಆಮೇಲೆ, "ಬರೆದವನು ಹೋಟೆಲಿನಲ್ಲಿ ಇದ್ದವನೋ?" ಎಂದು ಕೇಳಿದರು.

ಅಲ್ಲ, ಬಡಗಿಯ ಮಗನೆಂದು ನಾವು ಹೇಳಿದೆವು.

"ಈ ಹುಡುಗನ ಹೆಸರೇನಂತೆ?"

ಹೆಸರು ಎಲ್ಲಿಯೂ ಬರೆದಿಲ್ಲವೆಂದೆವು. ಅವರು ಮಾತನಾಡಲಿಲ್ಲ. ಅಷ್ಟರಲ್ಲಿ ಮೊಬೈಲಿನ ಬೆಳಕು ಆರಿತು. ಅದನ್ನು ಇನ್ನೊಮ್ಮೆ ಹಚ್ಚಿ ಕೊಡಬೇಕೆಂದು ಮೊಮ್ಮಗನ ಕಡೆಗೆ ಕೈ ಚಾಚಿದರು.